ಮೂವತ್ತು ಮನೆಗಳ ಸಾಕ್ಷಿ

ಸತ್ತುಹೋದ ಚಾರ್ಜರಿಗೆ ಚೆಂಡುಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಮೈಗೆ ಒಂದಿಷ್ಟು ಕರೆಂಟೂ ಕೊಟ್ಟು ಗೋಡೆಗೆ ನಿಲ್ಲಿಸುವ ಜನ ಈ ಭೂಮಿಯ ಮೇಲೆ ಇದ್ದಾರೆಂದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಹನ್ನೆರಡು ಜನ ತಜ್ಞರು ಹುಬ್ಬಳ್ಳಿಯ ಒಂದು ತಣ್ಣನೆಯ ಕೋಣೆಯಲ್ಲಿ ಎರಡು ವರ್ಷ ಕೂತು, ಕಳ್ಳ ಏನು ಮಾಡಬಹುದು, ಕಳ್ಳನ ಅಪ್ಪ ಏನು ಮಾಡಬಹುದು ಎಂದೆಲ್ಲ ತಲೆ ಕೆಡಿಸಿಕೊಂಡಿದ್ದರು. ಒಂದು ಯಂತ್ರದ ಮೇಲೆ ಮಮತೆ ಇಟ್ಟವರು ಏನು ಮಾಡಬಹುದು ಎಂಬ ಪ್ರಶ್ನೆ ಅವರಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ. ಆ ಹನ್ನೆರಡು ಜನರಲ್ಲಿ ನೀಲಗಂಗಾ ಅಣ್ಣಿಗೇರಿಯೂ ಒಬ್ಬಳು. ನಿಯಮಾವಳಿಯ ಮುಕ್ಕಾಲು ಪಾಲು ಬರೆದವಳೇ ಅವಳು.

ಖಂಡೇನವಮಿಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನೀಲಗಂಗಾ ಮುಖ್ಯ ಅಧಿಕಾರಿಯಾಗಿದ್ದ ಗದಗಿನ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಅಂದು ಅಲ್ಲಿಯೂ ಪೂಜೆ. ಕಂಪ್ಯೂಟರುಗಳಿಗೆಲ್ಲ ಕುಂಕುಮ ಇಟ್ಟಾಗಿತ್ತು. ಹಳೇ ಆಪರೇಟರ್ ನದಾಫ ಬಾಳೆಹಣ್ಣು ಸುಲಿಯುತ್ತಿದ್ದವನು ಅರ್ಧಕ್ಕೇ ಕೈಬಿಟ್ಟು ಪರದೆಯ ಮುಂದೆ ಬಂದ.

"ಮೇಡಂ, ಬೆಟಗೇರಿಯೊಳಗ ಒಂದ ಗುರುತು ಎರಡ ಕಡೆ ಕಾಣಸಾಕ ಹತ್ತೈತ್ರಿ."

ಇದನ್ನು ಒಂದಿಷ್ಟು ಬಿಡಿಸಿ ಹೇಳಲೇಬೇಕು. ಮೊದಲು ನಾಡಿನ ಪ್ರತಿ ಚಾರ್ಜರ್, ಪ್ರತಿ ಮನೆಯ ಬ್ಯಾಟರಿ, ಪ್ರತಿ ಸೌರಫಲಕದ ಹೆಸರೂ ರಾಜಧಾನಿಯ ಒಂದೇ ಕಂಪ್ಯೂಟರಿನಲ್ಲಿ ಇರುತ್ತಿತ್ತು. ಯಾವುದು ಅಸಲಿ, ಯಾವುದು ನಕಲಿ ಎಂದು ಅದೇ ಹೇಳಬೇಕು. ಒಂದು ಬೇಸಿಗೆ ಯಾರೋ ಆ ಕಂಪ್ಯೂಟರಿಗೇ ಕನ್ನ ಹಾಕಿದರು. ಹನ್ನೊಂದು ದಿನ ಆಟೋಗಳು ನಿಂತಲ್ಲೇ ನಿಂತವು. ಅಸಲಿ ಬ್ಯಾಟರಿಗಳು ಪರದೇಶಿಗಳಾದವು, ನಕಲಿಯವು ರಾಜಾರೋಷವಾಗಿ ಮನೆ ಹೊಕ್ಕು ಮೂರು ಮನೆಗಳನ್ನು ಸುಟ್ಟುಹಾಕಿದವು. ಆಮೇಲೆ ಬಂದದ್ದು ಈ ಹೊಸ ವ್ಯವಸ್ಥೆ. ಇದಕ್ಕೆ ಯಜಮಾನನೆಂಬವನೇ ಇಲ್ಲ. ಪ್ರತಿ ಸಾಧನದ ಹೊಟ್ಟೆಯಲ್ಲಿ ಉಗುರಿನಷ್ಟು ದೊಡ್ಡ ಚಿಪ್; ಜನ ಅದನ್ನು ಬೀಜ ಎನ್ನುತ್ತಾರೆ. ಅದರೊಳಗೆ ಆ ಸಾಧನಕ್ಕೆ ಮಾತ್ರ ಗೊತ್ತಿರುವ ಗುಟ್ಟು, ಆ ಗುಟ್ಟಿನಿಂದ ಹಾಕುವ ಸಹಿ. ಹೊಸ ಸಾಧನವೊಂದು ಓಣಿಗೆ ಬಂದರೆ, ಅಲ್ಲಿ ಬಹುಕಾಲದಿಂದ ಇರುವ ಸಾಧನವೊಂದು 'ಇದು ನಮ್ಮದು' ಎಂದು ಸಾಕ್ಷಿ ನುಡಿಯಬೇಕು. ಆಗ ಉಳಿದವೂ ಅದನ್ನು ನಂಬುತ್ತವೆ.

ಮುಖ್ಯ ಲೈನಿನಲ್ಲಿ ಕರೆಂಟು ಇರುವಷ್ಟು ಹೊತ್ತು ಈ ನಂಬಿಕೆಯ ಹಂಗು ಯಾರಿಗೂ ಇಲ್ಲ. ಲೈನು ಹೋದಾಗ ಮಾತ್ರ, ಮನೆಮನೆಯ ಬ್ಯಾಟರಿಗಳು ಒಂದಕ್ಕೊಂದು ಆಸರೆಯಾಗುವ ಹೊತ್ತಿನಲ್ಲಿ, ಪರಿಚಯವೇ ಎಲ್ಲ. ಪರಿಚಯವಿಲ್ಲದ ಸಾಧನಕ್ಕೆ ಬ್ಯಾಟರಿ ನೆಚ್ಚುವಷ್ಟು ಕರೆಂಟು ಕೊಡುವುದಿಲ್ಲ, ಮನೆಯ ಮಾಲೀಕನೇ ಕೈಮುಗಿದು ಕೇಳಿಕೊಂಡರೂ ಕೊಡುವುದಿಲ್ಲ. ಹಿಂದೆ ಮಾಲೀಕರ ಪಾಸ್‌ವರ್ಡ್ ಕದ್ದೇ ಅನಾಹುತ ಆಗಿದ್ದರಿಂದ ಹೀಗೆ ಬಿಗಿ ಮಾಡಿದ್ದರು.

ಈಗ ಒಂದೇ ಗುರುತು ಎರಡು ಕಡೆ ಕಂಡರೆ? ಎರಡರಲ್ಲಿ ಒಂದು ಕಳ್ಳ. ಯಾವುದು ಎಂದು ತೀರ್ಪು ಕೊಡಲು ಯಜಮಾನನಿಲ್ಲ. ಹಾಗಾಗಿ ಏಳನೇ ನಿಯಮ: ಆ ಗುರುತನ್ನೇ ರದ್ದು ಮಾಡತಕ್ಕದ್ದು. ಒಮ್ಮೆ ರದ್ದಾದದ್ದು ಮತ್ತೆ ಏಳುವುದಿಲ್ಲ. ಅದನ್ನು ಎಬ್ಬಿಸುವ ಶಕ್ತಿ ಸರಕಾರಕ್ಕೂ ಇಲ್ಲ. ಆ ನಿಯಮಕ್ಕಾಗಿ ನೀಲಗಂಗಾ ಮೂರು ದಿನ ವಾದ ಮಾಡಿ, ಉಳಿದ ಹನ್ನೊಂದು ಜನರ ಬಾಯಿ ಮುಚ್ಚಿಸಿದ್ದಳು.

ಪರದೆಯ ಮೇಲೆ ಅವಳು ಓಣಿಯ ಹೆಸರು ಓದಿದಳು. ಮಗ್ಗದ ಓಣಿ. ಕಾಲೇಜು ಓದುವಾಗ ನಾಲ್ಕು ವರ್ಷ ಅವಳು ಉಂಡು ಬೆಳೆದ ಓಣಿ ಅದು. ಆ ಚಾರ್ಜರ್ ನಿಂತದ್ದೂ ಅವಳು ಬಾಡಿಗೆಗಿದ್ದ ಮನೆಯ ಗೋಡೆಗೇ.

"ಹಬ್ಬದ ದಿನ ಐತ್ರಿ," ಎಂದ ನದಾಫ. "ಒಂದು ಫೋನ್ ಹಚ್ಚಿ ಕೇಳೂಣೇನ್ರಿ? ಏನರ ತಪ್ಪ ತಿಳಕೊಂಡು ಮಾಡಿರ್ತಾರ."

"ನಕಲು ಮಾಡಿದಾಂವ ಫೋನಿನಾಗ ಹೌದು ಅಂತಾನೇನು ನದಾಫ? ನಾಳೆ ಯಾರರ ಕೇಳ್ತಾರ, ಮೇಡಂ ತಮ್ಮ ಪರಿಚಯದವರ ಓಣಿ ಅಂತ ಬಿಟ್ಟರೂ ಅಂತ."

ಪರದೆ ಕೇಳಿತು: 'ಈ ಗುರುತು ಸಾಕ್ಷಿ ನುಡಿದ ಸಾಧನಗಳು ೧೧೨. ಇವುಗಳ ಸಾಕ್ಷಿಯೂ ಬಿದ್ದುಹೋಗುತ್ತದೆ. ಪಟ್ಟಿ ನೋಡಬೇಕೆ?' ಅವಳು 'ಬೇಡ' ಒತ್ತಿದಳು. ನೋಡಿದರೆ ಮನಸ್ಸು ಮೆತ್ತಗಾದೀತು ಎಂಬ ಅಂಜಿಕೆ. ಆಮೇಲೆ ತನ್ನ ಹೆಬ್ಬೆರಳಿನ ಗಾತ್ರದ ಕೀಲಿಯನ್ನು ಯಂತ್ರಕ್ಕೆ ಸಿಕ್ಕಿಸಿ ರದ್ದು ಮಾಡಿದಳು. ಕೆಂಪು ದೀಪ ಆರಿತು. ನದಾಫ ಬಾಳೆಹಣ್ಣನ್ನು ಮತ್ತೆ ಕೈಗೆತ್ತಿಕೊಂಡವನು ತಿನ್ನದೆ ಹಾಗೇ ತಟ್ಟೆಗೆ ಇಟ್ಟುಬಿಟ್ಟ.

ದೀಪಾವಳಿಯ ಪಾಡ್ಯ ಮುಗಿದ ಮರುದಿನ ಬನಪ್ಪ ಮೇಸ್ತ್ರಿ ಅವಳ ಮನೆಗೇ ಬಂದ. ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರ ತುಂಬ ಕರ್ಚಿಕಾಯಿ. ಬನಪ್ಪ ಅವಳು ಬಾಡಿಗೆಗಿದ್ದ ಮನೆಯ ಯಜಮಾನ, ಮಗ್ಗ ರಿಪೇರಿ ಮಾಡುವವನು. ಓಣಿಯ ಚಾರ್ಜರನ್ನು ಹನ್ನೆರಡು ವರ್ಷ ಮಗನಂತೆ ನೋಡಿಕೊಂಡವನು. ಅವನ ಹೆಂಡತಿ ಸಾಂತವ್ವ ಒಂದು ಕಾಲಕ್ಕೆ ನೀಲಗಂಗಾಳ ಪರೀಕ್ಷೆಯ ದಿನ ಬೆಳಗಿನ ಐದಕ್ಕೆ ಎದ್ದು ರೊಟ್ಟಿ ಬಡಿದು ಕಟ್ಟಿ ಕೊಡುತ್ತಿದ್ದಳು. 'ಖಾಲಿ ಹೊಟ್ಟಿಲೆ ಹ್ವಾದ್ರ ಲೆಕ್ಕ ಹೆಂಗ ಬಿಡಸ್ತೀ?' ಎನ್ನುವುದು ಅವಳ ಮಾತು.

"ಅಲ್ಲ ಯವ್ವಾ ನೀಲಾ," ಎಂದು ಬನಪ್ಪ ಕುರ್ಚಿಯ ತುದಿಯಲ್ಲಿ ಕೂತ. "ನಾವೇನ ಕಳುವು ಮಾಡಿದ್ವು ಹೇಳು. ಹಳೇ ಪೆಟ್ಟಿಗಿ ಸಿಡಿಲಿಗೆ ಸುಟ್ಟಿತ್ತು. ಒಳಗಿನ ಬೀಜ ಚಲೋ ಇತ್ತು, ತಗದು ಹೊಸಾ ಪೆಟ್ಟಿಗಿಯೊಳಗ ಕುಂದ್ರಿಸಿದೆ. ನಮ್ಮಪ್ಪ ಸತ್ತಾಗ ನನ್ನ ಮಗಗ ಅವನ ಹೆಸರ ಇಟ್ವಲ್ಲ, ಹಂಗ."

"ಅದರಾಗ ತಪ್ಪಿಲ್ಲಣ್ಣ. ಆದ್ರ ಹಳೇದು ಮತ್ತ ಹೆಂಗ ಮಾತಾಡಿತು?"

ಬನಪ್ಪನ ಮುಖ ಸಪ್ಪಗಾಯಿತು. ಹೇಳಲು ನಾಚಿಕೆ. ಕಡೆಗೆ ಹೇಳಿದ. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಅಷ್ಟು ವರ್ಷ ಓಣಿಯ ಆಟೋಗಳಿಗೆ, ಹೊಲಿಗೆ ಯಂತ್ರಗಳಿಗೆ, ಮಗ್ಗಗಳಿಗೆ ಉಣಿಸಿದ ಪೆಟ್ಟಿಗೆ ಅದು. ಹಿರಿಯರ ಫೋಟೋ ಇಟ್ಟ ಗೋಡೆಗೇ ಅದನ್ನೂ ನಿಲ್ಲಿಸಿದರು. ಖಂಡೇನವಮಿಗೆ ಮಗ್ಗದ ಪೂಜೆಯ ಜೊತೆಗೆ ಅದಕ್ಕೂ ಹಾರ ಹಾಕಿದರು. ಅದರ ಹಣೆಯ ಮೇಲೆ ಒಂದು ಹಸಿರು ದೀಪ ಇತ್ತಲ್ಲ, ಅದು ಹಬ್ಬದ ದಿನವಾದರೂ ಉರಿಯಲಿ ಎಂದು ಸಾಂತವ್ವ ಆಸೆಪಟ್ಟಳು. ಬನಪ್ಪ ಎರಡು ತಂತಿ ಹಚ್ಚಿದ. ಬೀಜ ತೆಗೆದ ಮೇಲೂ ಪೆಟ್ಟಿಗೆಯ ಹಳೇ ನೆನಪಿನ ಫಲಕದಲ್ಲಿ ಗುರುತಿನ ಒಂದು ಪ್ರತಿ ಉಳಿದಿರುತ್ತದೆಂದು ಅವನಿಗೇನು ಗೊತ್ತು? ಕರೆಂಟು ಸಿಕ್ಕಿದ್ದೇ ತಡ, ಸತ್ತದ್ದು ಕಣ್ಣು ಬಿಟ್ಟು 'ನಾನಿದ್ದೇನೆ' ಎಂದು ಊರಿಗೆಲ್ಲ ಹೇಳಿತು.

ನೀಲಗಂಗಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಬಾಯಿಂದ ಬಂದದ್ದು ಅಧಿಕಾರಿಯ ಮಾತು.

"ರದ್ದಾಗೇತಣ್ಣ. ಈಗ ಅದನ್ನ ಯಾರೂ ತಿರುಗಿ ಎಬ್ಬಸಾಕ ಬರಂಗಿಲ್ಲ. ಹೊಸಾ ಬೀಜ ಹಾಕಸ್ರಿ. ಒಂಬತ್ತು ತಿಂಗಳ ತಕರಾರಿಲ್ಲದ ನಡೀತು ಅಂದ್ರ ಓಣಿ ಅದನ್ನ ತಾನ ನಂಬತೈತಿ."

"ಹೊಸಾದ ಹಾಕಿಸೇವಿ. ಅದಕ್ಕ ಒಂಬತ್ತು ತಿಂಗಳ ತನಕ ಹತ್ತರಾಗ ಒಂದು ಪಾಲಷ್ಟ ತುಂಬಕೊಳ್ಳಾಕ ಬಿಡತೈತಿ. ಇರಲಿ, ಚಾರ್ಜರಿಂದು ನನಗ ಚಿಂತಿಲ್ಲ." ಬನಪ್ಪ ದನಿ ತಗ್ಗಿಸಿದ. "ನಿನ್ನ ಅಕ್ಕನ ಆಕ್ಸಿಜನ್ ಮಿಷನ್ನಿಂದು ಚಿಂತಿ. ಅದಕ್ಕೂ ಹಳೇ ಚಾರ್ಜರ್ರ ಸಾಕ್ಷಿ ಹೇಳಿತ್ತು. ಈಗ ಅದೂ ಗುರುತಿಲ್ಲದ್ದ ಆಗೇತಿ. ಲೈನ್ ಹ್ವಾದ್ರ ಬಾಜೂ ಮನಿ ಬ್ಯಾಟರಿ ಸೈತ ಅದಕ್ಕ ಕರೆಂಟ್ ಕೊಡಂಗಿಲ್ಲ."

ಸಾಂತವ್ವನ ಎದೆಯಲ್ಲಿ ನಲವತ್ತು ವರ್ಷದ ಹತ್ತಿಯ ದೂಳು ಕೂತಿತ್ತು. ಆಗಿನ್ನೂ ಅವಳಿಗೆ ದಿನಕ್ಕೆ ಎರಡು ಮೂರು ತಾಸು ಯಂತ್ರ ಹಚ್ಚಿಕೊಂಡರೆ ಸಾಕಿತ್ತು. ಉಳಿದ ಹೊತ್ತು ಓಡಾಡಿಕೊಂಡೇ ಇದ್ದಳು. ಡಾಕ್ಟರರು ಮಾತ್ರ ಮುಂದಿನ ಬೇಸಿಗೆಯ ಹೊತ್ತಿಗೆ ಇಡೀ ದಿನ ಬೇಕಾದೀತು ಎಂದಿದ್ದರಂತೆ.

"ಮನಿಶ್ಯಾರೂ ಸಾಕ್ಷಿ ಹೇಳಬಹುದಂತ," ಎಂದ ಬನಪ್ಪ. "ಜಿಲ್ಲಾಕ್ಕ ಹತ್ತೊಂಬತ್ತು ಮಂದೀಗೆ ಆ ಕೀಲಿ ಕೊಟ್ಟಾರಂತ. ಅದರಾಗ ನೀನೂ ಒಬ್ಬಾಕಿ. ಮಿಷನ್ ಒಂದಕ್ಕ, ನೀಲಾ. ಒಂದ ಸಹಿ."

ಹೌದು, ಹೇಳಬಹುದಿತ್ತು. ಆದರೆ ಮನುಷ್ಯ ಸಾಕ್ಷಿ ನುಡಿದರೆ ತನ್ನ ಹೆಸರನ್ನೇ ಒತ್ತೆ ಇಟ್ಟ ಹಾಗೆ. ಮುಂದೆ ಆ ಸಾಧನದಲ್ಲಿ ಏನಾದರೂ ಕೊಂಕು ಕಂಡರೆ, ಆ ಮನುಷ್ಯ ಅಲ್ಲಿಯವರೆಗೆ ಹಾಕಿದ ಸಹಿಗಳೆಲ್ಲ ಅನುಮಾನಕ್ಕೆ ಬೀಳುತ್ತವೆ. ನೀಲಗಂಗಾಳ ಸಹಿ ಹೊತ್ತ ಸಾಧನಗಳು ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮೇಲಿದ್ದವು. ತಾನೇ ರದ್ದು ಮಾಡಿದ ಗುರುತಿನ ಮರಿಯೊಂದಕ್ಕೆ ತಾನೇ ಸಾಕ್ಷಿ! ನಾಲ್ಕು ಜನ ಏನೆಂದಾರು? ನಿವೃತ್ತಿಗೆ ಎರಡೇ ವರ್ಷ.

"ಅಣ್ಣ, ನಾನೇ ಬರದ ನಿಯಮ. ನಾನೇ ಮುರದ್ರ ಹೆಂಗ? ಒಂಬತ್ತು ತಿಂಗಳ ತಡೀರಿ. ಆಷಾಢಕ್ಕ ಎಲ್ಲಾ ಸರಿ ಹೋಗತೈತಿ. ಈಗೀಗ ಲೈನ್ ಎಲ್ಲಿ ಹೋಗತೈತಿ ಹೇಳ್ರಿ, ವರ್ಷದಾಗ ಒಂದ ತಾಸು."

ಬನಪ್ಪ ಮತ್ತೆ ಕೇಳಲಿಲ್ಲ. ಕೇಳುವ ಜಾಯಮಾನದವನೇ ಅಲ್ಲ ಅವನು. ಇಷ್ಟು ಕೇಳಲು ಹದಿನೈದು ದಿನ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ. ಚಹಾ ಕುಡಿದು, ಕಪ್ಪನ್ನು ತಾನೇ ತೊಳೆಯಲು ಹೋಗಿ, ಬೇಡವೆನಿಸಿಕೊಂಡು, ಹೊರಟುಹೋದ.

ನೀಲಗಂಗಾಳ ಗಂಡ ವಿರೂಪಾಕ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಮಾಸ್ತರ. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದವನು ಹೊರಬಂದು ಡಬ್ಬಿಯಿಂದ ಒಂದು ಕರ್ಚಿಕಾಯಿ ತೆಗೆದುಕೊಂಡ.

"ಸುಮ್ನ ಒಂದು ಸಹಿ ಒಗದು ಬಿಡಬೇಕಿತ್ತು," ಎಂದ.

"ನಿಮಗ ಗೊತ್ತಾಗಂಗಿಲ್ಲರೀ ಇದು."

"ನನಗ ಗೊತ್ತಾಗಂಗಿಲ್ಲ, ಖರೆ. ಆದ್ರ ಆ ಮನಿಶ್ಯಾಗೂ ಗೊತ್ತಾಗಲಿಲ್ಲ ನೋಡು. ನಿನ್ನ ಮಾರಿ ನೋಡಕೊಂತ ಕುಂತಿದ್ದ, ಮಾತು ಕೇಳಲಿಲ್ಲ."

ಅವಳಿಗೆ ಸಿಟ್ಟು ಬಂತು. ಕೆಲವೊಮ್ಮೆ ತನ್ನ ಮೇಲೆ ಬರಬೇಕಾದ ಸಿಟ್ಟು ಎದುರಿಗಿದ್ದವರ ಮೇಲೆ ಹೋಗುತ್ತದೆ. ಅಂದೂ ಹಾಗೇ ಆಯಿತು. ವಿರೂಪಾಕ್ಷ ಕರ್ಚಿಕಾಯಿ ತಿಂದು ಮುಗಿಸಿದ.

ಆಮೇಲೆ ಅವಳು ಆ ಓಣಿಯ ಕಡೆ ಮುಖ ಹಾಕಲಿಲ್ಲ. ಸಂಕ್ರಾಂತಿಗೆ ಎಳ್ಳು ಕೊಡಲು ಹೋಗುವ ವಾಡಿಕೆ ಇತ್ತು. ಕೆಲಸದ ನೆವ ಹೇಳಿ ತಪ್ಪಿಸಿಕೊಂಡಳು. ಯುಗಾದಿಗೆ ಸಾಂತವ್ವನೇ ಫೋನು ಮಾಡಿದಳು. ಮಾತಿನ ನಡುನಡುವೆ ಯಂತ್ರದ ಗುಂಯ್ ಸದ್ದು ಕೇಳುತ್ತಿತ್ತು. "ಬಾಯವಾ ಒಮ್ಮೆ. ನೀ ಬರದಿದ್ರ ನಾ ಸಿಟ್ಟಾಗೀನಿ ಅಂತ ಮಂದಿ ತಿಳಕೊಂತಾರ," ಎಂದು ನಕ್ಕಳು. ಬರುತ್ತೇನೆ ಅಕ್ಕ ಎಂದಳು ನೀಲಗಂಗಾ. ಹೋಗಲಿಲ್ಲ. ಒಂಬತ್ತು ತಿಂಗಳು ತುಂಬಲಿ, ಆಮೇಲೆ ಮುಖ ಎತ್ತಿಕೊಂಡು ಹೋದರಾಯಿತು ಎಂದುಕೊಂಡಳು. ಕ್ಯಾಲೆಂಡರಿನಲ್ಲಿ ಆಷಾಢದ ಒಂದು ದಿನಕ್ಕೆ ಪೆನ್ಸಿಲಿನಿಂದ ಗುರುತೂ ಹಾಕಿದ್ದಳು.

ಮೇ ತಿಂಗಳ ಕೊನೆಯ ವಾರ, ಬೆಳಿಗ್ಗೆ ಆರು ಗಂಟೆಗೆ, ಕಪ್ಪತಗುಡ್ಡದ ಕಡೆಯಿಂದ ಗಾಳಿ ಎದ್ದಿತು. ಅಂಥ ಗಾಳಿಯನ್ನು ತನ್ನ ಸರ್ವಿಸಿನಲ್ಲೇ ಕಂಡಿಲ್ಲ ಎಂದ ನದಾಫ. ಗುಡ್ಡದ ಗಾಳಿಯಂತ್ರಗಳು ತಮ್ಮನ್ನು ತಾವೇ ನಿಲ್ಲಿಸಿಕೊಂಡವು. ದೊಡ್ಡ ಲೈನಿನ ಐದು ಗೋಪುರಗಳು ಒಂದರ ಹಿಂದೊಂದು ಮಲಗಿದವು. ನೀಲಗಂಗಾ ಕೊಠಡಿಗೆ ಬಂದು ಮುಟ್ಟುವ ಹೊತ್ತಿಗೆ ಪರದೆಯ ಮೇಲಿನ ಊರು ತುಂಡುತುಂಡಾಗಿತ್ತು. ಯಾವ ಓಣಿಯ ಸಂಪರ್ಕ ಕಡಿದಿದೆಯೋ ಅದು ಕಪ್ಪು ಚುಕ್ಕೆ. ಅದರೊಳಗೆ ಏನು ನಡೆದಿದೆ ಎಂದು ಇಲ್ಲಿಂದ ನೋಡುವ ಹಾಗಿಲ್ಲ, ಇಲ್ಲಿಂದ ಒಂದು ಸಹಿ ಕಳಿಸುವ ಹಾಗೂ ಇಲ್ಲ.

ಮಗ್ಗದ ಓಣಿ ಕಪ್ಪಾಗಿತ್ತು.

ಮೊದಲು ಆಸ್ಪತ್ರೆಯ ಲೈನು, ಆಮೇಲೆ ನೀರಿನ ಪಂಪು. ಅವಳ ಬೆರಳುಗಳು ಕೆಲಸ ಮಾಡುತ್ತಿದ್ದವು, ಕಣ್ಣು ಮಾತ್ರ ಮತ್ತೆ ಮತ್ತೆ ಆ ಕಪ್ಪು ಚುಕ್ಕೆಗೇ ಹೋಗುತ್ತಿತ್ತು. ಮನೆಯಲ್ಲಿ ಒಂದು ಸಿಲಿಂಡರ್ ಇಟ್ಟಿರುತ್ತಾರೆ ಎಂದು ಸಮಾಧಾನ ಹೇಳಿಕೊಂಡಳು. ಸಿಲಿಂಡರ್ ಎಷ್ಟು ಹೊತ್ತು ಬಂದೀತು ಎಂದು ಲೆಕ್ಕ ಹಾಕಿದಳು. ಆಂಬುಲೆನ್ಸಿನವರನ್ನು ಕೇಳಿದರೆ, ಬೆಟಗೇರಿಯ ರಸ್ತೆಯಲ್ಲಿ ಬೇವಿನ ಮರಗಳು ಅಡ್ಡಬಿದ್ದಿವೆ, ಗಾಡಿ ಹೋಗುವುದಿಲ್ಲ ಎಂದರು. ಓಣಿಯವರ ಫೋನುಗಳು ಸತ್ತಿದ್ದವು.

ಹನ್ನೆರಡೂವರೆಗೆ ಆಸ್ಪತ್ರೆಯ ಲೈನು ಮತ್ತೆ ಕೆಡದೆ ನಡೆಯುತ್ತದೆ ಎಂದು ಖಾತ್ರಿಯಾದ ಮೇಲೆ ನದಾಫ ಅವಳ ಚೀಲವನ್ನು ತಂದು ಮೇಜಿನ ಮೇಲಿಟ್ಟ. "ಕೀಲಿ ಒಳಗ ಐತ್ರಿ ಮೇಡಂ. ಇಲ್ಲಿ ನಾ ನೋಡಕೊಂತೀನಿ. ಹೋಗ್ರಿ."

ಸ್ಕೂಟರಿನಲ್ಲಿ ಅರ್ಧ ದಾರಿ, ಉಳಿದರ್ಧ ನಡಿಗೆ. ಬಿದ್ದ ಮರಗಳನ್ನು ಸೀರೆ ಎತ್ತಿ ಕಟ್ಟಿ ದಾಟಿದಳು. ತಂತಿ ಬಿದ್ದ ಕಡೆ ಪೊಲೀಸರು ಬಿಡಲಿಲ್ಲ. ಸುತ್ತು ಹಾಕಿಕೊಂಡು ಬಂದಳು. ದಾರಿಯುದ್ದಕ್ಕೂ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಒಂದು ಸಹಿ, ಹಾಕಿಬಿಡುತ್ತೇನೆ, ನಾಲ್ಕು ಸಾವಿರ ಸಹಿ ಹಾಳಾಗಿ ಹೋಗಲಿ, ಒಂದು ಸಹಿ ಹಾಕುವಷ್ಟು ಹೊತ್ತು ಉಳಿದಿರಲಿ ಎಂದು ಬೇಡಿಕೊಳ್ಳುತ್ತ ನಡೆದಳು. ಯಾರನ್ನು ಬೇಡಿಕೊಂಡಳೋ ಅವಳಿಗೇ ಗೊತ್ತಿಲ್ಲ.

ಓಣಿ ಸೇರಿದಾಗ ಮೂರು ಗಂಟೆ ದಾಟಿತ್ತು. ಬನಪ್ಪನ ಮನೆ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇಲ್ಲ, ಸಾಂತವ್ವನ ಹೊರಸೂ ಇಲ್ಲ. ನೀಲಗಂಗಾ ಹೊರಗೆ ಓಡಿಬಂದಳು. ಅಷ್ಟರಲ್ಲಿ ಓಣಿಯ ಆ ತುದಿಯಲ್ಲಿ ಜನ ಕಂಡರು. ಬಳೆ ಮಾರುವ ಹುಸೇನಬಿಯ ಮನೆ ಮುಂದೆ ಗುಂಪು ಕೂಡಿತ್ತು. ಗಂಡಸರು ಬೆವರಿನಲ್ಲಿ ತೊಯ್ದು ಕಟ್ಟೆಯ ಮೇಲೆ ಕುಸಿದು ಕೂತಿದ್ದರು. ಒಳಗೆ, ಹುಸೇನಬಿಯ ಪಡಸಾಲೆಯಲ್ಲಿ, ಹೊರಸಿನ ಮೇಲೆ ಸಾಂತವ್ವ. ಅವಳ ಮೂಗಿಗೆ ನಳಿಕೆ, ಪಕ್ಕದಲ್ಲಿ ಯಂತ್ರ. ಯಂತ್ರ ಗುಂಯ್ ಎನ್ನುತ್ತಿತ್ತು.

ನೀಲಗಂಗಾ ಕೀಲಿ ಹಿಡಿದ ಕೈಯನ್ನು ಮುಂದೆ ಚಾಚಿದಳು. "ಸರೀರಿ, ಸರೀರಿ, ನಾ ಸಾಕ್ಷಿ ಹಾಕ್ತೀನಿ."

"ಬ್ಯಾಡ ಬಿಡವಾ," ಎಂದ ಬನಪ್ಪ. ಅವನ ಹೆಗಲ ಮೇಲೆ ಹೊರಸಿನ ಕಟ್ಟಿಗೆ ಒತ್ತಿ ಕೆಂಪಗೆ ಬರೆ ಎದ್ದಿತ್ತು. "ಈಗ ಅರ್ಧ ತಾಸು ಆತು, ಅದು ತಾನ ಒಪ್ಪಿಕೊಂಡೈತಿ."

ಹುಸೇನಬಿ ಅವಳನ್ನು ಹಿಡಿದು ಕೂರಿಸಿ, ನೀರು ಕೊಟ್ಟು, ನಡೆದದ್ದನ್ನು ಹೇಳಿದಳು. ಹೊಸ ಚಾರ್ಜರು ಹತ್ತು ನಿಮಿಷಕ್ಕೇ ನಿಂತಿತ್ತು; ಅದರಲ್ಲಿದ್ದ ಹತ್ತರಲ್ಲೊಂದು ಪಾಲು ಮುಗಿದಿರಬೇಕು ಎಂದುಕೊಂಡಿದ್ದರು. ಎಂಟಕ್ಕೆ ಸಿಲಿಂಡರೂ ಮುಗಿಯಿತು. ಎದುರು ಮನೆಯಿಂದ ತಂತಿ ಎಳೆದರು. ಯಂತ್ರ ಚಾಲೂ ಆಯಿತು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ನಿಂತಿತು.

"ಗಡಿಯಾರ ನೋಡೀವಿ, ಬರೊಬ್ಬರಿ ಹತ್ತು ನಿಮಿಷ. ಇನ್ನೊಂದು ಮನೀದು ಎಳದ್ವಿ. ಅದೂ ಹತ್ತು ನಿಮಿಷ. ಹಚ್ಚಿ ಬಿಟ್ಟು ಮಾಡಿದ್ರ ಎರಡನೇ ಸಲ ಕೊಡಂಗಿಲ್ಲ ಹಾಳಾದ್ದು. ಆಗ ತಿಳೀತು, ಮನಿಗೊಂದ ಹತ್ತ ನಿಮಿಷ ಅಂತ. ತಂತಿ ಎಷ್ಟ ದೂರ ಎಳೀತೀ? ಹೊತಗೊಂಡ ನಡದ್ವಿ. ನಾಕ ಮಂದಿ ಹೊರಸು, ಇಬ್ಬರು ಮಿಷನ್. ಒಂದು ಮನಿಯಿಂದ ಒಂದು ಮನಿ. ನಡುವ ನಾಕ ನಿಮಿಷ ಅಕೀಗೆ ದಮ್ಮಿಲ್ಲ. ತುಟಿ ನೀಲಿ ಆಗತಿದ್ವು ಯವ್ವಾ. ಮತ್ತ ಹಚ್ಚೂದು, ಮತ್ತ ಹೊರೂದು. 'ಸಾಕ ಬಿಡ್ರೇ' ಅಂದ್ಲು ಹದಿನಾರನೇ ಮನ್ಯಾಗ. ಬನಪ್ಪಣ್ಣ ಬಿಡಲಿಲ್ಲ. ನಮ್ಮ ಮನಿ ಮೂವತ್ತನೇದು. ಹತ್ತ ನಿಮಿಷ ಆತು, ಎಲ್ಲಾರೂ ಹೊರಸಿಗೆ ಕೈ ಹಚ್ಚಿದ್ವಿ, ನಿಲ್ಲವಲ್ತು! ಹನ್ನೊಂದು ಆತು, ಹದಿನೈದು ಆತು. ಆ ಪಾಟಿ ಮ್ಯಾಲ ನೋಡು, ಏನೋ ಬರದೈತಿ."

ಹುಸೇನಬಿಯ ಗೋಡೆಯ ಬ್ಯಾಟರಿಯ ಮೇಲೆ ಹಸಿರು ಅಕ್ಷರಗಳು: 'ಮೂವತ್ತು ಮನೆಗಳು ಬಲ್ಲವು. ಓಣಿಯ ಸಾಧನ.'

ನೀಲಗಂಗಾ ಓದಿದಳು. ಮತ್ತೊಮ್ಮೆ ಓದಿದಳು.

ಹತ್ತೊಂಬತ್ತನೇ ನಿಯಮ ಅದು. ಗುರುತಿಲ್ಲದ ಸಾಧನಕ್ಕೂ ಅತಿಥಿಯೆಂದು ಪ್ರತಿ ಮನೆಯೂ ದಿನಕ್ಕೊಮ್ಮೆ ಹತ್ತು ನಿಮಿಷ ಕರೆಂಟು ಕೊಡತಕ್ಕದ್ದು. ಎತ್ತಿಕೊಂಡು ಓಡಾಡಬಹುದಾದ ಸಾಧನವೊಂದು ಒಂದೇ ಓಣಿಯ ಮೂವತ್ತು ಮನೆಗಳಲ್ಲಿ, ಲೈನು ಇದ್ದಾಗಲೇ ಆಗಲಿ ಹೋದಾಗಲೇ ಆಗಲಿ, ಹೀಗೆ ತಕರಾರಿಲ್ಲದೆ ಅತಿಥಿಯಾದರೆ ಅದನ್ನು ಓಣಿಯದೆಂದೇ ತಿಳಿಯತಕ್ಕದ್ದು. ಡ್ರಿಲ್ಲು, ಲ್ಯಾಪ್‌ಟಾಪು, ಸೈಕಲ್ಲಿನ ಬ್ಯಾಟರಿ ಇಂಥವಕ್ಕೆಂದು ಒಂದು ಮಧ್ಯಾಹ್ನ ಊಟದ ಬಿಡುವಿನ ಮುಂಚೆ ಅವಳೇ ಬರೆದದ್ದು. ಯಾರೂ ಚರ್ಚೆ ಮಾಡಿರಲಿಲ್ಲ. ಒಂಬತ್ತು ತಿಂಗಳ ಲೆಕ್ಕ ಗೋಡೆಗೆ ಕೂತ ಚಾರ್ಜರಿಗೆ ಮಾತ್ರ. ಸಾಂತವ್ವನ ಯಂತ್ರಕ್ಕೆ ಗಾಲಿಗಳಿದ್ದವು.

ಸಾಂತವ್ವ ಕಣ್ಣು ತೆರೆದಳು. ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಕೈ ಎತ್ತಲು ನೋಡಿ, ಆಗದೆ, ಬೆರಳಷ್ಟೇ ಆಡಿಸಿದಳು. "ನೀಲಾ... ಉಂಡಿಯೇನ?"

ನೀಲಗಂಗಾ ಅವಳ ಕಾಲು ಹಿಡಿದು ಅತ್ತುಬಿಟ್ಟಳು. ಓಣಿಯವರು ಅದನ್ನು ಪ್ರೀತಿ ಎಂದು ತಿಳಿದರು. ಪ್ರೀತಿಯೂ ಇತ್ತು.

ಸಂಜೆಗೆ ಮರಗಳನ್ನು ಕಡಿದು ದಾರಿ ಮಾಡಿದರು, ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಸಾಂತವ್ವ ಐದು ದಿನ ಇದ್ದಳು. ಡಾಕ್ಟರರು ತಮ್ಮಿಂದಾದದ್ದೆಲ್ಲ ಮಾಡಿದರು. ಅಷ್ಟು ಸಲ ಉಸಿರು ಕಟ್ಟಿ ಬಿಟ್ಟದ್ದಕ್ಕೆ ಎದೆ ಸೋತಿದೆ ಎಂದರು. ಆರನೇ ದಿನ ಬೆಳಿಗ್ಗೆ ಅವಳು ತೀರಿಕೊಂಡಳು.

ದಿನಕರ್ಮ ಮುಗಿದ ಮರುದಿನ ನೀಲಗಂಗಾ ಬನಪ್ಪನ ಮನೆಗೆ ಹೋದಳು. ವಿರೂಪಾಕ್ಷ ಜೊತೆಗೆ ಬರುತ್ತೇನೆ ಎಂದ, ಬೇಡವೆಂದಳು. ಬನಪ್ಪ ಮಗ್ಗದ ಕುಣಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತಿದ್ದ. ಅವಳನ್ನು ಕಂಡು ಎದ್ದು ಚಾಪೆ ಹಾಸಿದ.

"ಬಾಯವಾ. ನಾನ ಬರಬೇಕಂತ ಮಾಡಿದ್ದೆ. ನದಾಫಣ್ಣ ಮಣ್ಣಿಗೆ ಬಂದಾಗ ಹೇಳಿದ, ಆ ಮೂವತ್ತು ಮನಿ ನಿಯಮ ಬರದಾಕಿ ನೀನಂತ." ಅವನು ಅವಳ ಎದುರಿಗೆ ಕೂತ. "ಅದಿಲ್ಲಂದ್ರ ಆಕಿ ಆವತ್ತ ಹಾದ್ಯಾಗ ಹೋಗಿಬಿಡ್ತಿದ್ಲು. ಐದ ದಿನ ಆಕಿ ಜೋಡಿ ಮಾತಾಡಾಕ ಸಿಕ್ತು ನನಗ. ಮಗನ ಬಗ್ಗೆ, ನಿನ್ನ ಬಗ್ಗೆ, ಎಲ್ಲಾ ಮಾತಾಡಿದ್ಲು. ನಿನ್ನ ಉಪಕಾರ ಮರಿಯಂಗಿಲ್ಲ ತಂಗಿ."

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಓಣಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹತ್ತೊಂಬತ್ತನೇ ನಿಯಮವನ್ನು ಯಾರು ಓದುತ್ತಾರೆ? ಅವನು ಕೈಮುಗಿಯಲು ಹೊರಟಿದ್ದ. ನೀಲಗಂಗಾ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ಅಣ್ಣ, ಕೇಳ್ರಿ. ದೀಪಾವಳ್ಯಾಗ ನೀವು ನಮ್ಮನಿಗೆ ಬಂದಿದ್ರಲ್ಲ. ಅವತ್ತ ನಾ ಇದನ್ನ ಹೇಳಬಹುದಾಗಿತ್ತು. ನನ್ನ ಸಹೀನೂ ಬೇಕಾಗಿದ್ದಿಲ್ಲ. ಒಂಬತ್ತು ತಿಂಗಳೂ ಬೇಕಾಗಿದ್ದಿಲ್ಲ. ಮಿಷನ್ ತಗೊಂಡು ಮೂವತ್ತು ಮನಿಗೆ ಹೋಗಿ ಹತ್ತತ್ತು ನಿಮಿಷ ಹಚ್ಚಿದ್ರ ಮುಗೀತಿತ್ತು. ದಿನಕ್ಕೊಂದು ಮನಿ ಅಂದ್ರೂ ಒಂದ ತಿಂಗಳು. ನಾನೇ ಬರದಿದ್ದೆ. ನನಗ ನೆನಪಾಗಲಿಲ್ಲ. ನೀವು ಕೇಳಾಕ ಹತ್ತಿದಾಗ ನನ್ನ ಹೆಸರು ಹೆಂಗ ಉಳಿಸಿಕೊಳ್ಳಲಿ ಅಂತ ಯೋಚನೆ ಮಾಡಾಕ ಹತ್ತಿದ್ದೆ."

ಬನಪ್ಪ ಬೈಯುತ್ತಾನೆ ಎಂದು ಅವಳು ಕಾದಳು. ಬೈಯಲಿ ಎಂದು ಆಸೆಪಟ್ಟಳು. ಓಣಿಯಲ್ಲಿ ಯಾರದೋ ಮಗ್ಗ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅವನು ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯನ್ನು ನೋಡುತ್ತ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ, ಮೆಲ್ಲಗೆ ಮಾತಾಡಿದ.

"ದೀಪಾವಳ್ಯಾಗ ಆಕಿ ತಾನ ಅಡ್ಡಾಡತಿದ್ಲಲ್ಲವಾ. ಮೂವತ್ತೇನು, ಓಣ್ಯಾಗಿನ ಮೂವತ್ತೆಂಟೂ ಮನಿಗೆ ತಾನ ನಡಕೊಂತ ಹೋಗಿರ್ತಿದ್ಲು. ಹತ್ತು ನಿಮಿಷಕ್ಕ ಏಳ್ತಿದ್ದಿಲ್ಲ. ಮಾತಾಡಕೊಂತ, ಚಾ ಕುಡಕೊಂತ, ತಾಸುಗಟ್ಟಲೆ ಕುಂತಿರ್ತಿದ್ಲು."